ಹಳೇ ಗಾಡಿಗೆ ರಿವರ್ಸ್ ಕ್ಯಾಮೆರಾ ಹಾಕ್ಸಿದ್ರೆ ವೈರಿಂಗ್ ಕೆಡುತ್ತಾ?

ಮಂಡ್ಯದಿಂದ ಒಬ್ರು ಕೇಳಿದಾರೆ, ಅವ್ರ ಮಾತಲ್ಲೇ ಹಾಕ್ತೀನಿ: "ಅಣ್ಣ, ನಮ್ಮಪ್ಪಾಜಿದು 2012ರ ವ್ಯಾಗನ್ ಆರ್. ಗಾಡಿ ಚೆನ್ನಾಗದೆ, ಮಾರೋ ಯೋಚ್ನೆ ಇಲ್ಲ. ಅಪ್ಪಾಜಿಗೆ ಈಗ ಅರವತ್ತಾರು, ಕತ್ತು ನೋವು, ಹಿಂದಕ್ಕೆ ತಿರುಗಿ ನೋಡಕಾಗಲ್ಲ. ಹೋದ ತಿಂಗ್ಳು ರಿವರ್ಸ್ ತಗಳ್ಳೋವಾಗ ನಮ್ಮನೆ ಗೇಟ್‌ಗೇ ತಗಲಿಸವ್ರೆ. ಕ್ಯಾಮ್ರ ಹಾಕುಸ್ಬುಡಣ ಅಂದ್ರೆ ನಮ್ ಮೆಕ್ಯಾನಿಕ್ಕು, ಹಳೇ ಗಾಡಿ ವೈರಿಂಗ್ ಮುಟ್ಬೇಡಿ, ಆಮೇಲೆ ಒಂದಲ್ಲ ಒಂದು ಕಂಪ್ಲೇಂಟ್ ಬತ್ತಾನೇ ಇರ್ತದೆ ಅಂತನೆ. ಅಂಗಡಿಯವ್ನು, ಅರ್ಧ ಗಂಟೆ ಕೆಲ್ಸ ಬುಡಿ ಸಾ ಅಂತನೆ. ಯಾರ್ ಮಾತು ಕೇಳದು?"

ಹಾಕಿಸಿ. ಹದಿಮೂರು ಹದಿನಾಲ್ಕು ವರ್ಷದ ಗಾಡಿ ಅಂತ ಹಿಂಜರಿಯೋದೇ ಬೇಡ, ಇಪ್ಪತ್ತು ವರ್ಷದ ಗಾಡಿಗೂ ಹಾಕಿಸ್ಬೋದು. ಆದ್ರೆ ನಿಮ್ ಮೆಕ್ಯಾನಿಕ್ ಹೆದರಿರೋದು ಸುಮ್ಸುಮ್ನೆ ಅಲ್ಲ, ಕ್ಯಾಮೆರಾ ಹಾಕ್ಸಿ ಒಂದು ಮಳೆಗಾಲ ಕಳೆಯೋದ್ರೊಳಗೆ ರಿವರ್ಸ್ ಲೈಟ್ ಹೋಯ್ತು, ಫ್ಯೂಸ್ ಹೋಯ್ತು ಅಂತ ಬರೋ ಗಾಡಿಗಳನ್ನ ಅವ್ರು ನೋಡಿರ್ತಾರೆ. ನಾನೂ ನೋಡಿದೀನಿ. ಅಂಥ ಗಾಡಿಗಳಲ್ಲಿ ಕ್ಯಾಮೆರಾನೇ ಕೆಟ್ಟಿದ್ದು ಕಮ್ಮಿ, ಕೆಟ್ಟಿರೋದು ಜಾಯಿಂಟು. ಕರೆಂಟ್ ಎಲ್ಲಿಂದ ಎಳ್ಕೊಂಡ್ರು, ಅರ್ಥ್ ಅಂದ್ರೆ ಮೈನಸ್ ವೈರ್ ಎಲ್ಲಿ ಕೊಟ್ರು, ಡಿಕ್ಕಿ ಬಾಗಿಲಿಂದ ಬಾಡಿಗೆ ವೈರ್ ಹೆಂಗೆ ದಾಟಿಸಿದ್ರು, ಈ ಮೂರು ಜಾಗ ಗಟ್ಟಿ ಇದ್ರೆ ಸಾವಿರ ರೂಪಾಯಿ ಒಳಗಿನ ಕ್ಯಾಮೆರಾನೂ ವರ್ಷಗಟ್ಲೆ ಓಡುತ್ತೆ. ಈ ಮೂರು ಜಾಗ ಕೆಟ್ಟಿದ್ರೆ ಎಷ್ಟು ದುಬಾರಿ ಕ್ಯಾಮೆರಾ ತಂದ್ರೂ ಅಷ್ಟೇ.

ನಮ್ಮನೇಲೇ ಆಗಿದ್ದು ಹೇಳ್ತೀನಿ. ನಮ್ದೂ ಹಳೇ ಹ್ಯಾಚ್‌ಬ್ಯಾಕು, ಮೈಸೂರಲ್ಲೇ ಒಂದು ಅಂಗಡೀಲಿ ಕ್ಯಾಮೆರಾ ಹಾಕಿಸ್ದೆ, ಮುಕ್ಕಾಲು ಗಂಟೇಲಿ ಮುಗಿಸಿ ಕೈಗೆ ಕೀ ಕೊಟ್ರು, ಚಿತ್ರನೂ ಚೆನ್ನಾಗೇ ಬರ್ತಿತ್ತು, ನನಗೂ ಖುಷಿ. ಆಮೇಲೆ ಆಷಾಢ ಶುಕ್ರವಾರ ಅಮ್ಮನ್ನ ಕರ್ಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟೆ. ಆಷಾಢ ಶುಕ್ರವಾರ ನಮ್ ಗಾಡಿಗಳನ್ನ ಮೇಲಕ್ಕೆ ಬಿಡಲ್ವಲ್ಲ, ಲಲಿತಮಹಲ್ ಹತ್ರ ಹೆಲಿಪ್ಯಾಡ್ ಮೈದಾನದಲ್ಲಿ ನಿಲ್ಸಿ ಬಸ್ ಹತ್ತಿ ಹೋದ್ವಿ. ದರ್ಶನ ಮುಗಿಸಿ ಇಳಿಯೋಷ್ಟರಲ್ಲಿ ಜಡಿಮಳೆ, ಮೈದಾನ ಪೂರ್ತಿ ಕೆಸರು, ಹಿಂದೆ ಮುಂದೆ ಗಾಡಿಗಳು, ಜನ ಛತ್ರಿ ಹಿಡ್ಕೊಂಡು ಗಾಡಿಗಳ ಮಧ್ಯದಲ್ಲೇ ಓಡಾಡ್ತಿದಾರೆ. ರಿವರ್ಸ್ ಗೇರ್ ಹಾಕ್ದೆ, ಸ್ಕ್ರೀನ್ ಒಂದ್ಸಲ ಮಿಣುಕಿ ಆರಿಹೋಯ್ತು, ರಿವರ್ಸ್ ಲೈಟೂ ಇಲ್ಲ, ಮೀಟರಲ್ಲಿ ಪೆಟ್ರೋಲ್ ಮುಳ್ಳು ಕೆಳಗೆ ಬಿತ್ತು, ಯಾಕಂದ್ರೆ ನಮ್ ಗಾಡೀಲಿ ಮೀಟರಿಗೂ ರಿವರ್ಸ್ ಲೈಟಿಗೂ ಒಂದೇ ಫ್ಯೂಸು. ಪಕ್ಕದ ಗಾಡಿಯವ್ರು ಒಬ್ರು ಮಳೇಲೇ ಇಳಿದು ಹಿಂದೆ ನಿಂತು ಬನ್ನಿ ಬನ್ನಿ ಅಂತ ದಾರಿ ಹೇಳಿದ್ರು, ಅವರ ಉಪಕಾರ ನಾನು ಮರೆತಿಲ್ಲ. ಮಾರನೇ ದಿನ ಟೇಲ್ ಲೈಟ್ ಬಿಚ್ಚಿ ನೋಡಿದ್ರೆ ಕಂಪನಿ ವೈರ್ ಸಿಪ್ಪೆ ಕೆರೆದು ಕ್ಯಾಮೆರಾ ವೈರ್ ಸುಮ್ನೆ ಹೊಸೆದು ಟೇಪ್ ಸುತ್ತಿದಾರೆ ಅಷ್ಟೇ, ಆ ಟೇಪಿನ ಅಂಟು ಬಿಸಿಲಿಗೆ ಕರಗಿ ಬಿಚ್ಕೊಂಡಿದೆ, ಬೆತ್ತಲೆ ತಾಮ್ರ ಬಾಡಿ ತಗಡಿಗೆ ತಗಲ್ತಿದೆ. ಒಂದು ಇಂಚು ಜಾಗ.

ಅದಕ್ಕೇ ಕೆಲ್ಸಕ್ಕೆ ಕೊಡೋ ಮುಂಚೆ ಇದು ಹೆಂಗೆ ಓಡುತ್ತೆ ಅಂತ ನಿಮಗೆ ಒಂಚೂರು ಗೊತ್ತಿದ್ರೆ ಒಳ್ಳೇದು, ಕಷ್ಟ ಏನಿಲ್ಲ. ನೀವು ರಿವರ್ಸ್ ಗೇರ್ ಹಾಕಿದಾಗ ಗೇರ್‌ಬಾಕ್ಸ್ ಮೇಲೆ ಇರೋ ಒಂದು ಸಣ್ಣ ಸ್ವಿಚ್ ಒತ್ಕೊಳ್ಳುತ್ತೆ, ಅದರಿಂದ 12 ವೋಲ್ಟ್ ಹಿಂದಿನ ಬಿಳೀ ಲೈಟಿಗೆ ಹೋಗುತ್ತೆ. ಆ ಲೈಟಿನ ವೈರಿಂದಾನೇ ಕ್ಯಾಮೆರಾಗೂ ಒಂದು ಕವಲು. ಕ್ಯಾಮೆರಾದಿಂದ ಸ್ಕ್ರೀನಿಗೆ ಹಳದಿ ಪಿನ್ ಇರೋ ಆರ್‌ಸಿಎ ಕೇಬಲ್ ಹೋಗುತ್ತಲ್ಲ, ಅದರ ಎರಡೂ ತುದೀಲಿ ಒಂದೊಂದು ತೆಳ್ಳಗಿನ ಕೆಂಪು ವೈರ್ ಬಾಲದ ಥರ ಹೊರಗೆ ಬಂದಿರುತ್ತೆ, ತುಂಬಾ ಜನ ಅದೇನು ಅಂತ ಗೊತ್ತಾಗದೆ ಹಾಗೇ ಬಿಟ್ಬಿಡ್ತಾರೆ. ಅದು ಸ್ಕ್ರೀನಿಗೆ ಸುದ್ದಿ ಮುಟ್ಟಿಸೋ ವೈರು. ಹಿಂದಿನ ತುದೀನ ರಿವರ್ಸ್ ಲೈಟ್ ಪ್ಲಸ್ಸಿಗೂ ಮುಂದಿನ ತುದೀನ ಸ್ಟೀರಿಯೋದ ರಿವರ್ಸ್ ಅಥವಾ ಬ್ಯಾಕ್ ಅಂತ ಚೀಟಿ ಇರೋ ವೈರಿಗೂ ಕೊಟ್ರೆ ಗೇರ್ ಹಾಕಿದ ತಕ್ಷಣ ಹಾಡು ನಿಂತು ಹಿಂದಿನ ಚಿತ್ರ ಬರುತ್ತೆ.

ಲೋಡ್ ಜಾಸ್ತಿ ಆಗಿ ವೈರಿಂಗ್ ಸುಡುತ್ತೆ ಅನ್ನೋ ಭಯ ಇದ್ರೆ ಬಿಟ್ಬಿಡಿ. ರಿವರ್ಸ್ ಲೈಟಿನ ಮಾಮೂಲಿ ಬಲ್ಬು 21 ವ್ಯಾಟ್, ಅಂದ್ರೆ 12 ವೋಲ್ಟಿಗೆ ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತೆ. ಸಾದಾ ಕ್ಯಾಮೆರಾ ಎಳೆಯೋದು ಆಂಪಿಯರಲ್ಲಿ ಹತ್ತನೇ ಒಂದು ಭಾಗದ ಆಸುಪಾಸು. ಎತ್ತಿನ ಗಾಡಿ ಮೇಲೆ ಒಂದು ಕಬ್ಬಿನ ಜಲ್ಲೆ ಹೆಚ್ಚಿಗೆ ಇಟ್ಟಂಗೆ. ಕೆಡೋದು ಲೋಡಿಂದ ಅಲ್ಲ, ಶಾರ್ಟಿಂದ.

ಇನ್ನು ಮೊದಲನೇ ಜಾಗ, ಕರೆಂಟ್ ತಗೊಳ್ಳೋದು. ಅಂಗಡಿಗೆ ಹೋಗೋ ಮುಂಚೆ ಮನೇಲೇ ಒಂದು ಪರೀಕ್ಷೆ ಮಾಡಿ: ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ರಿವರ್ಸ್ ಹಾಕಿ, ಹಿಂದೆ ಹೋಗಿ ಲೈಟ್ ಹತ್ತಿದೆಯಾ ನೋಡಿ. ಹಳೇ ಗಾಡಿಗಳಲ್ಲಿ ಎಷ್ಟೋ ಸಲ ಅದೇ ಹತ್ತಿರಲ್ಲ, ನಾವು ಹಿಂದೆ ನಿಂತು ನೋಡೋದೇ ಇಲ್ಲವಲ್ಲ. ಬಲ್ಬ್ ಹೋಗಿರ್ಬೋದು, ಹೋಲ್ಡರ್ ಹಸಿರು ಕಟ್ಟಿರ್ಬೋದು, ಗೇರ್‌ಬಾಕ್ಸ್ ಸ್ವಿಚ್ ಹೋಗಿರ್ಬೋದು. ಅದನ್ನ ಮೊದ್ಲು ಸರಿ ಮಾಡಿಸಿ, ಇಲ್ಲಾಂದ್ರೆ ಕ್ಯಾಮೆರಾ ಹಾಕೋನು ಬೇರೆ ಎಲ್ಲಿಂದಾದ್ರೂ ಕರೆಂಟ್ ಎಳೆದು ಇನ್ನೊಂದು ಗೋಜಲು ಮಾಡಿಡ್ತಾನೆ. ಮಲ್ಟಿಮೀಟರ್ ಇದ್ರೆ ಹೋಲ್ಡರಲ್ಲಿ ವೋಲ್ಟೇಜ್ ನೋಡಿ, ಎಂಜಿನ್ ಆಫ್ ಇದ್ದಾಗ ಬ್ಯಾಟರೀಲಿ ಎಷ್ಟಿದೆಯೋ ಹೆಚ್ಚುಕಮ್ಮಿ ಅಷ್ಟೇ ಇಲ್ಲೂ ಬರ್ಬೇಕು, ಒಳ್ಳೇ ಬ್ಯಾಟರಿ ಆದ್ರೆ ಹನ್ನೆರಡೂವರೆ ಹತ್ರ ಇರುತ್ತೆ. ಹತ್ತೋ ಹತ್ತೂವರೆನೋ ತೋರಿಸಿದ್ರೆ ನಡುವೆ ಎಲ್ಲೋ ಕಿಲುಬು ಹಿಡಿದಿದೆ ಅಂತ ಅರ್ಥ, ಅಂಥ ಕಡೆ ಕ್ಯಾಮೆರಾ ಚಿತ್ರ ಮಿಣುಕುತ್ತೆ, ಜನ ಕ್ಯಾಮೆರಾ ಡೂಪ್ಲಿಕೇಟು ಅಂದ್ಕೊಂಡು ಬದಲಾಯಿಸ್ತಾನೇ ಇರ್ತಾರೆ.

ಜಾಯಿಂಟ್ ಮಾಡೋ ರೀತಿ. ಅಂಗಡೀಲಿ ನೀಲಿ ಅಥವಾ ಕೆಂಪು ಪ್ಲಾಸ್ಟಿಕ್ ಕ್ಲಿಪ್ ಒಂದಿರುತ್ತೆ, ವೈರ್ ಮೇಲಿಟ್ಟು ಪಕ್ಕಡಲ್ಲಿ ಒತ್ತಿದ್ರೆ ಒಳಗಿನ ತಗಡು ಸಿಪ್ಪೆ ಸೀಳಿ ತಾಮ್ರಕ್ಕೆ ಕಚ್ಕೊಳ್ಳುತ್ತೆ. ಕೆಲ್ಸ ಬೇಗ ಆಗುತ್ತೆ ನಿಜ, ಆದ್ರೆ ಅದು ಕಚ್ಚುವಾಗ ನಾಲ್ಕು ಎಳೆ ತಾಮ್ರಾನೂ ಕತ್ತರಿಸಿಬಿಡುತ್ತೆ, ಹಳೇ ಗಾಡಿಯ ವೈರ್ ಮೊದಲೇ ಒಣಗಿ ಗಡುಸಾಗಿರುತ್ತೆ, ಹಂಗಾಗಿ ನಾನು ಅದಕ್ಕೆ ಒಪ್ಪಲ್ಲ. ನಾನು ಹೇಳೋದು ಇಷ್ಟು: ಕಂಪನಿ ವೈರ್ ತುಂಡು ಮಾಡೋದೇ ಬೇಡ, ಹೋಲ್ಡರ್ ಹತ್ರ ಒಂದು ಸೆಂಟಿಮೀಟರ್ ಸಿಪ್ಪೆ ಮಾತ್ರ ಬಿಡಿಸಿ, ಹೊಸ ವೈರ್ ಅದರ ಸುತ್ತ ಬಿಗಿಯಾಗಿ ಸುತ್ತಿ ಸೋಲ್ಡರ್ ಹಾಕ್ಲಿ. ವೈರ್ ತುಂಡಾಗದೆ ಇರೋದ್ರಿಂದ ಜಾಯಿಂಟ್ ಮುಚ್ಚೋ ಪ್ಲಾಸ್ಟಿಕ್ ಕೊಳವೆ, ಅಂದ್ರೆ ಸ್ಲೀವ್, ತೂರಿಸೋಕೆ ಆಗಲ್ಲ, ಅದಕ್ಕೆ ಅಂಟೇ ಇಲ್ಲದ ರಬ್ಬರ್ ಪಟ್ಟಿ ಥರದ ಸೆಲ್ಫ್ ಫ್ಯೂಸಿಂಗ್ ಟೇಪ್ ಸಿಗುತ್ತೆ, ಎಳೆದು ಸುತ್ತಿದ್ರೆ ತನಗೆ ತಾನೇ ಬೆಸೆದುಕೊಂಡು ಒಂದೇ ಗಡ್ಡೆ ಆಗುತ್ತೆ, ಬಿಸಿಲಿಗೆ ಬಿಚ್ಚಲ್ಲ, ನೀರೂ ಹೋಗಲ್ಲ. ಮೇಲೆ ಗಾಡಿ ವೈರಿಂಗಿಗೆ ಸುತ್ತೋ ಬಟ್ಟೆ ಟೇಪ್ ಸುತ್ತಿ ಅಲ್ಲಾಡದಂತೆ ಟ್ಯಾಗ್ ಹಾಕಿ ಕಟ್ಲಿ. ಆಮೇಲೆ ಈ ಕವಲಿನ ಬುಡದಲ್ಲೇ 1 ಆಂಪಿಯರ್ ಫ್ಯೂಸ್ ಹೋಲ್ಡರ್ ಒಂದು ಹಾಕ್ಸಿ. ಇದೊಂದು ಕೇಳಿ ಹಾಕಿಸ್ಕೊಳ್ಳಿ ದಯವಿಟ್ಟು. ಮುಂದೆ ಕ್ಯಾಮೆರಾ ಕಡೆ ಏನೇ ಶಾರ್ಟ್ ಆದ್ರೂ ಈ ಚಿಕ್ಕ ಫ್ಯೂಸ್ ಹೋಗುತ್ತೆ, ಗಾಡಿಯ ಫ್ಯೂಸ್ ಉಳಿಯುತ್ತೆ, ರಿವರ್ಸ್ ಲೈಟ್ ಉಳಿಯುತ್ತೆ, ನಿಮ್ ಮೆಕ್ಯಾನಿಕ್ ಹೇಳೋ ಕಂಪ್ಲೇಂಟಲ್ಲಿ ಅರ್ಧಕ್ಕರ್ಧ ಇಲ್ಲೇ ಮುಗೀತು. ಆದ್ರೆ ಆವತ್ತು ಹೆಲಿಪ್ಯಾಡಲ್ಲಿ ನಮ್ ಗಾಡೀಲಿ ಆದಂಗೆ ಜಾಯಿಂಟೇ ಬಾಡಿಗೆ ತಗಲಿದ್ರೆ ಈ ಫ್ಯೂಸೂ ಕಾಯಲ್ಲ, ಅದಕ್ಕೇ ಜಾಯಿಂಟೂ ಗಟ್ಟಿ ಇರ್ಬೇಕು.

ಅರ್ಥ್ ಬಗ್ಗೆ ಉದ್ದ ಹೇಳೋ ಅವಶ್ಯಕತೆ ಇಲ್ಲ, ಕಪ್ಪು ವೈರಿಗೆ ರಿಂಗ್ ಟರ್ಮಿನಲ್ ಹಾಕಿ ಬಾಡಿಗೆ ಬಿಗಿದಿರೋ ಬೋಲ್ಟಿಗೆ, ಪೇಂಟ್ ಕೆರೆದು ಬೆಳ್ಳಗೆ ಲೋಹ ಕಾಣೋ ಕಡೆ ಕೊಡ್ಬೇಕು, ಪೇಂಟ್ ಮೇಲೆ ಅಲ್ಲ. ಚಿತ್ರದಲ್ಲಿ ಅಡ್ಡಡ್ಡ ಗೆರೆ ಓಡ್ತಿದ್ರೆ ಮೊದ್ಲು ಅನುಮಾನ ಪಡ್ಬೇಕಾಗಿರೋದು ಇದನ್ನೇ.

ಈಗ ಡಿಕ್ಕಿ ಬಾಗಿಲು. ವ್ಯಾಗನ್ ಆರಲ್ಲಿ ಟೇಲ್ ಲೈಟ್ ಇರೋದು ಬಾಡೀಲಿ, ಕ್ಯಾಮೆರಾ ಕೂರೋದು ಬಾಗಿಲಲ್ಲಿ, ನಂಬರ್ ಪ್ಲೇಟ್ ಮೇಲೆ. ಹಂಗಾಗಿ ವೈರ್ ಬಾಗಿಲಿಂದ ಬಾಡಿಗೆ ದಾಟಲೇಬೇಕು, ದಿನಕ್ಕೆ ನಾಲ್ಕು ಸಲ ಬಾಗಿಲು ತೆಗೆದು ಹಾಕಿದ್ರೂ ಮಡಚಿ ಬಿಚ್ಚೋದು ಆ ಜಾಗಾನೇ. ಬಾಗಿಲ ಮೇಲ್ಗಡೆ ಹಿಂಜಿನ ಪಕ್ಕ ಒಂದು ಕಪ್ಪು ರಬ್ಬರ್ ಕೊಳವೆ ಇರುತ್ತೆ ನೋಡಿ, ಕಂಪನಿ ವೈರ್‌ಗಳು ಅದರೊಳಗಿಂದಾನೇ ಹೋಗಿರೋದು, ಕ್ಯಾಮೆರಾ ವೈರೂ ಅಲ್ಲಿಂದಾನೇ ಹೋಗ್ಬೇಕು. ಆದ್ರೆ ಅದನ್ನ ತೂರಿಸೋದಕ್ಕೆ ತಾಳ್ಮೆ ಬೇಕು, ಕೊಳವೆ ಎರಡೂ ಕಡೆ ಕಿತ್ತು ಸೋಪಿನ ನೀರು ಸವರಿ ಗಟ್ಟಿ ತಂತಿ ಒಂದು ಮೊದ್ಲು ತೂರಿಸಿ ಅದಕ್ಕೆ ವೈರ್ ಕಟ್ಟಿ ಎಳೀಬೇಕು, ಈ ಒಂದು ಕೆಲ್ಸಕ್ಕೇ ಅರ್ಧ ಗಂಟೆ ಹಿಡಿಯುತ್ತೆ. ಅರ್ಧ ಗಂಟೇಲಿ ಇಡೀ ಕೆಲ್ಸ ಮುಗಿಸ್ತೀನಿ ಅನ್ನೋರು ಏನ್ ಮಾಡ್ತಾರೆ ಅಂದ್ರೆ ವೈರ್‌ನ ಬಾಗಿಲ ಬೀಡಿಂಗ್ ಮೇಲಿಂದ ಹಾಯಿಸಿ ಬಾಗಿಲು ಮುಚ್ಚಿಬಿಡ್ತಾರೆ. ಅವತ್ತಿಗೆ ಚೆನ್ನಾಗೇ ಕಾಣುತ್ತೆ. ಬಾಗಿಲು ಬಡಿದಾಗೆಲ್ಲ ವೈರ್ ಚಪ್ಪಟೆ ಆಗ್ತಾ ಆಗ್ತಾ ಒಂದಿನ ಒಳಗೇ ತುಂಡಾಗುತ್ತೆ, ಇನ್ನೊಂದು ಕಡೆ ಬೀಡಿಂಗ್ ಎತ್ತಿಕೊಂಡಿರೋ ಸಂದಿಂದ ಮಳೆ ನೀರು ಒಳಗೆ ಇಳಿದು ಸ್ಟೆಪ್ನಿ ಗುಂಡೀಲಿ ನಿಂತು ತಗಡು ತುಕ್ಕು ಹಿಡಿಯುತ್ತೆ. ಇದನ್ನ ಮಾತ್ರ ಒಪ್ಪಲೇಬೇಡಿ, ಜಾಸ್ತಿ ಕೂಲಿ ಆದ್ರೂ ಕೊಡಿ, ರಬ್ಬರ್ ಕೊಳವೇಲೇ ಹಾಯಿಸಿ ಅನ್ನಿ. ಹಾಯಿಸೋವಾಗ ಒಳಗಿನ ಕಂಪನಿ ವೈರ್‌ಗಳನ್ನೂ ಒಂದ್ಸಲ ನೋಡಿಸಿ, ಹತ್ತು ವರ್ಷ ಮೇಲ್ಪಟ್ಟ ಹ್ಯಾಚ್‌ಬ್ಯಾಕುಗಳಲ್ಲಿ ಅಲ್ಲಿ ಸಿಪ್ಪೆ ಬಿರಿದಿರೋದು ಮಾಮೂಲಿ, ಹಿಂದಿನ ವೈಪರ್ ನಿಂತೋಗೋದು, ನಂಬರ್ ಪ್ಲೇಟ್ ಲೈಟ್ ಹೋಗೋದು ಇದರಿಂದಾನೇ ಎಷ್ಟೋ ಸಲ. ಕೊಳವೆ ಹತ್ರ ಜಾಯಿಂಟ್ ಇರಬಾರ್ದು, ಸೋಲ್ಡರ್ ಹಾಕಿದ ಜಾಗ ಗಡುಸಾಗಿರುತ್ತೆ, ಮಡಚೋ ಕಡೆ ಇದ್ರೆ ಮುರಿಯುತ್ತೆ. ಒಂದೇ ಉದ್ದದ ವೈರ್, ಸ್ವಲ್ಪ ಸಡಿಲ ಬಿಟ್ಟು.

ಅಲ್ಲಿಂದ ಮುಂದಕ್ಕೆ ಆರ್‌ಸಿಎ ಕೇಬಲ್ ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಎತ್ತಿ ಅದರಡೀಲಿ ಹೋದ್ರೆ ಸಾಕು, ಸೀಟ್ ಬೆಲ್ಟ್ ಸುತ್ತೋ ಡಬ್ಬಿ ಹತ್ರ ಸಿಕ್ಕಾಕ್ಕೊಳ್ಳದಂಗೆ ನೋಡ್ಕೊಳ್ಳಿ, ಮ್ಯಾಟ್ ಮೇಲೆ ಬಿಡ್ಬೇಡಿ.

ಕ್ಯಾಮೆರಾ ಎಲ್ಲಿ ಕೂರಿಸೋದು ಅನ್ನೋದ್ರಲ್ಲಿ ಒಂದು ಎಚ್ಚರಿಕೆ ಇದೆ. ನಂಬರ್ ಪ್ಲೇಟ್ ಫ್ರೇಮಲ್ಲೇ ಕ್ಯಾಮೆರಾ ಇರೋ ಸೆಟ್ ಮಾರ್ತಾರೆ, ತೂತು ಕೊರೆಯೋದು ಬೇಡ ಸಾರ್ ಅಂತ. ನಮ್ ಕರ್ನಾಟಕದಲ್ಲಿ 2019ರ ಏಪ್ರಿಲ್ 1ಕ್ಕಿಂತ ಮುಂಚೆ ರಿಜಿಸ್ಟರ್ ಆಗಿರೋ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸ್ಬೇಕು ಅಂತ 2023ರಲ್ಲಿ ಆದೇಶ ಬಂತಲ್ಲ, ನಿಮ್ದು 2012ರ ಗಾಡಿ, ಅದಕ್ಕೂ ಅದೇ ಪ್ಲೇಟ್. ಆ ಪ್ಲೇಟ್ ಬಿಗಿದಿರೋ ಸ್ನ್ಯಾಪ್ ಲಾಕ್ ಒಂದ್ಸಲ ಕೂತ್ರೆ ಮುರೀದೆ ಬಿಚ್ಚೋಕೆ ಆಗಲ್ಲ, ಮುರಿದ್ರೆ ಮತ್ತೆ ಹಾಕೋಕೂ ಆಗಲ್ಲ. ಫ್ರೇಮ್ ಕ್ಯಾಮೆರಾಗೋಸ್ಕರ ಪ್ಲೇಟ್ ಬಿಚ್ಚಿಸೋದು ಬೇಡ, ಪ್ಲೇಟಿಗೆ ತೂತು ಹೊಡೆಯೋದಂತೂ ಬೇಡವೇ ಬೇಡ, ನಂಬರ್ ಮುಚ್ಚೋ ಹಂಗೆ ಕ್ಯಾಮೆರಾ ಇಳಿಬಿಡೋದೂ ತಪ್ಪು. ಅದರ ಬದಲು ಪ್ಲೇಟ್ ಮೇಲ್ಗಡೆ ನಂಬರ್ ಪ್ಲೇಟ್ ಲೈಟ್ ಇರೋ ಪಟ್ಟೀಲಿ ಸಣ್ಣ ಬ್ರ್ಯಾಕೆಟ್ ಇರೋ ಕ್ಯಾಮೆರಾ ಸ್ಕ್ರೂ ಹಾಕಿ ಕೂರಿಸ್ಬೋದು. ವೈರ್ ಒಳಗೆ ಹೋಗೋಕೆ ಇರೋ ತೂತನ್ನೇ ಹುಡುಕಿ, ಲೈಟಿನ ಪಕ್ಕ ಸಾಮಾನ್ಯವಾಗಿ ದಾರಿ ಸಿಗುತ್ತೆ. ಹೊಸ ತೂತು ಹೊಡೆಯಲೇಬೇಕಾದ್ರೆ ಹೊಡೆದ ಅಂಚಿಗೆ ಪ್ರೈಮರ್ ಹಚ್ಚಿ ಒಣಗಿಸಿ ರಬ್ಬರ್ ಗ್ರೋಮೆಟ್, ಅಂದ್ರೆ ತೂತಿನ ಅಂಚಿಗೆ ಕೂರೋ ಬಳೆ, ಹಾಕಿದ್ಮೇಲೇನೇ ವೈರ್ ತೂರಿಸ್ಬೇಕು, ಬರಿ ತಗಡಿನ ಅಂಚು ಬ್ಲೇಡ್ ಇದ್ದಂಗೆ, ಗಾಡಿ ಅದುರ್ತಾ ಅದುರ್ತಾ ವೈರ್ ಸಿಪ್ಪೆ ಕೊರೆದುಹಾಕುತ್ತೆ. ಬಂಪರಲ್ಲಿ ಹಾಕಿದ್ರೆ ಬಾಗಿಲು ದಾಟಿಸೋ ತಾಪತ್ರಯ ಇಲ್ಲ ನಿಜ, ಆದ್ರೆ ತೀರಾ ಕೆಳಗಾಗುತ್ತೆ, ಗದ್ದೆ ಕಡೆ ರೋಡಲ್ಲಿ ಓಡಾಡೋ ಗಾಡಿಗೆ ದಿನಾ ಕೆಸರು.

ನಿಮ್ ಗಾಡೀಲಿ ಸ್ಕ್ರೀನ್ ಇದೆಯೋ ಇಲ್ವೋ ಹೇಳಿಲ್ಲ, ಇಲ್ಲ ಅಂದ್ಕೋತೀನಿ. ಇಲ್ಲಿ ಅಪ್ಪಾಜಿ ಅವ್ರ ಕಣ್ಣಿನ ವಿಷಯ ಬರುತ್ತೆ, ಇದನ್ನ ಅಂಗಡೀಲಿ ಯಾರೂ ಹೇಳಲ್ಲ ಅದಕ್ಕೇ ಬಿಡಿಸಿ ಹೇಳ್ತೀನಿ. ಹಳೇ ಗಾಡಿಗೆ ಎಲ್ರೂ ಮೊದ್ಲು ತೋರ್ಸೋದು ಕನ್ನಡಿ ಸ್ಕ್ರೀನು, ಒಳಗಿನ ಕನ್ನಡಿ ಮೇಲೆ ಕ್ಲಿಪ್ ಹಾಕಿ ಕೂರಿಸೋದು, ಸಾಮಾನ್ಯವಾಗಿ 4.3 ಇಂಚು. ಸ್ಟೀರಿಯೋ ಬಿಚ್ಚೋದು ಬೇಡ, ರಿವರ್ಸ್ ಅಂದ್ರೆ ಕಣ್ಣು ಅಭ್ಯಾಸದಿಂದ ಕನ್ನಡಿಗೇ ಹೋಗುತ್ತೆ, ಬೆಲೇನೂ ಕಮ್ಮಿ, ನಲವತ್ತರ ಒಳಗಿನವ್ರಿಗೆ ನಾನೂ ಅದನ್ನೇ ಹೇಳ್ತೀನಿ. ಆದ್ರೆ ಚಾಳೀಸು ಬಂದಿರೋರಿಗೆ ಒಂದು ತೊಂದ್ರೆ. ಕನ್ನಡೀಲಿ ಹಿಂದಿನ ಗಾಡಿ ನೋಡುವಾಗ ಕನ್ನಡಿ ಹತ್ರ ಇದ್ರೂ ಕಣ್ಣು ಫೋಕಸ್ ಮಾಡೋದು ದೂರಕ್ಕೆ, ಹಿಂದಿನ ಗಾಡಿ ಎಷ್ಟು ದೂರ ಇದೆಯೋ ಅಷ್ಟಕ್ಕೆ, ಅದಕ್ಕೇ ಓದೋ ಕನ್ನಡಕ ಇಲ್ಲದೇನೂ ಕನ್ನಡಿ ಸ್ಪಷ್ಟ ಕಾಣುತ್ತೆ. ಅದೇ ಜಾಗದಲ್ಲಿ ಸ್ಕ್ರೀನ್ ಬಂದ್ರೆ ಕಣ್ಣು ಒಂದೂವರೆ ಎರಡು ಅಡಿ ದೂರಕ್ಕೆ ಫೋಕಸ್ ಮಾಡ್ಬೇಕು, ಪುಸ್ತಕ ಓದಿದಂಗೆ. ಅರವತ್ತು ದಾಟಿದೋರಿಗೆ ಗಾಡಿ ಓಡ್ಸೋ ಕನ್ನಡಕದಲ್ಲಿ ಆ ಪುಟ್ಟ ಚಿತ್ರ ಮಬ್ಬಾಗಿ ಕಾಣುತ್ತೆ. ಬೈಫೋಕಲ್ ಹಾಕೋರಿಗೆ ಇನ್ನೂ ಕಷ್ಟ, ಹತ್ರದ ಗಾಜು ಕನ್ನಡಕದ ಕೆಳಭಾಗದಲ್ಲಿರುತ್ತೆ, ಸ್ಕ್ರೀನ್ ಮೇಲಿರುತ್ತೆ, ಗದ್ದ ಮೇಲೆತ್ತಿ ನೋಡ್ಬೇಕು, ಅವರಿಗಿರೋದೇ ಕತ್ತು ನೋವು. ಹಂಗಾಗಿ ನಿಮ್ಮಪ್ಪಾಜಿಗೆ ಡ್ಯಾಶ್‌ಬೋರ್ಡ್ ಮಧ್ಯದಲ್ಲಿ ಕೂರೋ 7 ಇಂಚಿಂದೇ ಸರಿ, ಸ್ಟೀರಿಯೋ ಬದಲಾಯ್ಸೋ ಆಸೆ ಇದ್ರೆ ಟಚ್ ಸ್ಕ್ರೀನ್ ಸ್ಟೀರಿಯೋ, ಇಲ್ಲಾಂದ್ರೆ ಬರೀ ಮಾನಿಟರ್, ಎರಡೂ ನಡೆಯುತ್ತೆ. ಕಣ್ಣು ಕೆಳಗಿಳಿಸಿದ್ರೆ ಸಾಕು, ಬೈಫೋಕಲ್ ಕೆಳಗಿನ ಗಾಜಿಗೆ ಸರಿಯಾಗಿ ಸಿಗುತ್ತೆ.

ಸ್ಕ್ರೀನಿಗೆ ಕರೆಂಟ್ ಕೀ ಆನ್ ಆದಾಗ ಮಾತ್ರ ಬರೋ ಕಡೆಯಿಂದ ಕೊಡಿಸಿ, ಯಾವಾಗ್ಲೂ ಬರೋ ಬ್ಯಾಟರಿ ವೈರಿಗೆ ಕೊಟ್ರೆ ವಾರ ಗಾಡಿ ತೆಗೀದೆ ಇದ್ದಾಗ ಬ್ಯಾಟರಿ ಇಳಿದಿರುತ್ತೆ. ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸೋದಾದ್ರೆ ಗಾಡಿ ಸ್ಟಾರ್ಟ್ ಮಾಡಿ ತಕ್ಷಣ ರಿವರ್ಸ್ ಹಾಕಿ ಚಿತ್ರ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅಂಗಡೀಲೇ ನೋಡಿ, ಕೆಲವು ಪೂರ್ತಿ ಎದ್ದು ಕೂರೋವರೆಗೂ ಚಿತ್ರ ಕೊಡಲ್ಲ. ಬೆಳಿಗ್ಗೆ ಮನೆ ಮುಂದಿಂದ ಹಿಂದಕ್ಕೆ ತೆಗೆಯೋವಾಗಲೇ ಅದು ಬೇಕಾಗಿರೋದು.

ವೈರ್‌ಲೆಸ್ ಸೆಟ್ ಬಗ್ಗೆನೂ ಕೇಳ್ತಾರೆ. ಅದರಲ್ಲಿ ತಪ್ಪೋದು ಹಿಂದಿಂದ ಮುಂದಕ್ಕೆ ಹೋಗೋ ಆ ಹಳದಿ ಪಿನ್ ಕೇಬಲ್ ಮಾತ್ರ, ಕ್ಯಾಮೆರಾಗೆ ಕರೆಂಟ್ ರಿವರ್ಸ್ ಲೈಟಿಂದಾನೇ ಬರ್ಬೇಕು, ಬಾಗಿಲೂ ದಾಟಲೇಬೇಕು. ಅಂದ್ರೆ ಕಷ್ಟದ ಕೆಲ್ಸ ಹಾಗೇ ಉಳೀತು, ಸುಲಭದ್ದು ತಪ್ಪಿಸ್ಕೊಂಡಂಗಾಯ್ತು, ಮೇಲಿಂದ ಅಗ್ಗದ ಸೆಟ್ಟುಗಳು ವೈಫೈ ಓಡೋ 2.4 ಗಿಗಾಹರ್ಟ್ಸಲ್ಲೇ ಚಿತ್ರ ಕಳಿಸೋದ್ರಿಂದ ಸಿಟಿ ಒಳಗೆ ಚಿತ್ರ ಹರಿದುಹೋಗುತ್ತೆ. ವ್ಯಾಗನ್ ಆರಂಥ ಚಿಕ್ಕ ಗಾಡಿಗೆ ವೈರೇ ಎಳೆಸಿ.

ಕೊಳ್ಳುವಾಗ ಇನ್ನೆರಡು ವಿಷಯ. ಎಎಚ್‌ಡಿ ಕ್ಯಾಮೆರಾ ಅಂತ ಬರ್ತಿದೆ, ಚಿತ್ರ ತುಂಬಾ ಚೆನ್ನಾಗಿರುತ್ತೆ, ಆದ್ರೆ ಸ್ಕ್ರೀನೂ ಎಎಚ್‌ಡಿ ತಗೊಳ್ಳೋದಾಗಿರ್ಬೇಕು, ಇಲ್ಲಾಂದ್ರೆ ಚಿತ್ರ ಉರುಳುತ್ತೆ ಇಲ್ಲಾ ಖಾಲಿ ಬರುತ್ತೆ. ಎರಡನ್ನೂ ಒಂದೇ ಕಡೆ ತಗೊಂಡು, ಗಾಡೀಲಿ ಕೂರ್ಸೋ ಮುಂಚೆ ಟೇಬಲ್ ಮೇಲೆ 12 ವೋಲ್ಟ್ ಕೊಟ್ಟು ಓಡಿಸಿ ತೋರ್ಸಿ ಅನ್ನಿ. ಇನ್ನೊಂದು ನೀರಿನದು, ಐಪಿ 67 ಅಥವಾ 68 ಅಂತ ಬರೆದಿರೋದು ತಗೊಳ್ಳಿ. 67 ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದ್ರೂ ಒಳಗೆ ನೀರು ಹೋಗಬಾರ್ದು ಅಂತ, ಹಂಗಂತ ವಾಟರ್ ಸರ್ವಿಸಲ್ಲಿ ಪ್ರೆಶರ್ ಪೈಪ್ ಲೆನ್ಸಿಗೇ ಹಿಡಿಯೋಕೆ ಬಿಡ್ಬೇಡಿ, ಅದು ಬೇರೆ ಥರದ ಹೊಡೆತ. ಲೆನ್ಸ್ ಒಳಗೆ ಆವಿ ಕಟ್ಟಿ ಮಂಜಾಗಿದ್ರೆ ಸೀಲ್ ಹೋಗಿದೆ ಅಂತ, ಅದನ್ನ ರಿಪೇರಿ ಮಾಡ್ಸೋಕೆ ಹೋಗ್ಬೇಡಿ, ಬದಲಾಯಿಸಿ.

ಹಾಕಿದ್ಮೇಲೆ ಚಿತ್ರ ಎಡಬಲ ಸರಿ ಇದೆಯಾ ನೋಡ್ಬೇಕು. ಹಿಂದೆ ನಿಂತಿರೋ ಗಾಡಿಯ ನಂಬರ್ ಸ್ಕ್ರೀನಲ್ಲಿ ಸರಿಯಾಗಿ ಓದೋಕೆ ಬಂದ್ರೆ ತಪ್ಪು! ಕನ್ನಡೀಲಿ ಕಾಣೋ ಹಂಗೆ ಉಲ್ಟಾ ಕಾಣ್ಬೇಕು, ಆಗಲೇ ನಿಮ್ ಎಡಗಡೆ ಗೇಟ್ ಕಂಬ ಸ್ಕ್ರೀನಲ್ಲೂ ಎಡಗಡೆ ಇರುತ್ತೆ. ಕ್ಯಾಮೆರಾ ವೈರಲ್ಲಿ ಚಿಕ್ಕ ಕುಣಿಕೆ ಥರ ಒಂದೋ ಎರಡೋ ವೈರ್ ಇರುತ್ತೆ, ಒಂದನ್ನ ಕತ್ತರಿಸಿದ್ರೆ ಚಿತ್ರ ಎಡಬಲ ತಿರುಗುತ್ತೆ, ಇನ್ನೊಂದಕ್ಕೆ ಚಿತ್ರದ ಮೇಲೆ ದೂರದ ಅಂದಾಜಿಗೆ ಬರೋ ಗೆರೆಗಳು ಹೋಗುತ್ತೆ. ಬಣ್ಣ ಎಲ್ಲಾ ಕ್ಯಾಮೆರಾದಲ್ಲೂ ಒಂದೇ ಇರಲ್ಲ, ಜೊತೆಗೆ ಬಂದಿರೋ ಚೀಟಿ ಓದಿಯೇ ಕತ್ತರಿ ಹಾಕ್ಲಿ.

ಆ ಹಸಿರು ಹಳದಿ ಕೆಂಪು ಗೆರೆಗಳಿವೆಯಲ್ಲ, ಅವನ್ನ ಹಾಕಿದ ದಿನವೇ ನಂಬ್ಬೇಡಿ. ಅವು ನಿಮ್ ಗಾಡೀಗೆ ಅಂತ ಬರೆದಿದ್ದಲ್ಲ, ಯಾವ ಗಾಡಿಗೆ ಹಾಕಿದ್ರೂ ಅದೇ ಗೆರೆ, ಸಾದಾ ಕ್ಯಾಮೆರಾದಲ್ಲಿ ಸ್ಟೀರಿಂಗ್ ತಿರುಗಿಸಿದ್ರೂ ಅವು ತಿರುಗಲ್ಲ. ಮನೆ ಮುಂದೆ ಸಮತಟ್ಟಾದ ಕಡೆ ಗಾಡಿ ನಿಲ್ಸಿ, ಬಂಪರಿಂದ ಟೇಪ್ ಹಿಡಿದು ಅರ್ಧ ಮೀಟರ್, ಒಂದು ಮೀಟರ್, ಎರಡು ಮೀಟರಿಗೆ ರಂಗೋಲಿ ಪುಡೀಲಿ ಅಡ್ಡ ಗೆರೆ ಎಳೀರಿ, ಗಾಡಿ ಎರಡೂ ಪಕ್ಕದ ನೇರಕ್ಕೆ ಉದ್ದ ಗೆರೆ ಎಳೀರಿ. ಈಗ ಅಪ್ಪಾಜಿನ ಡ್ರೈವರ್ ಸೀಟಲ್ಲಿ ಕೂರ್ಸಿ ರಂಗೋಲಿ ಗೆರೆ ಸ್ಕ್ರೀನಲ್ಲಿ ಎಲ್ಲಿ ಬರುತ್ತೆ ಅಂತ ನೋಡ್ಲಿ. ಕ್ಯಾಮೆರಾ ಸ್ವಲ್ಪ ಬಾಗಿಸಿ ಸ್ಕ್ರೀನಿನ ತಳದಲ್ಲಿ ಬಂಪರ್ ಅಂಚು ಒಂಚೂರು ಕಾಣೋ ಹಂಗೆ ಇಡಿ, ಆ ಅಂಚು ಕಂಡ್ರೆ ಮನಸ್ಸಿಗೆ ಅಂದಾಜು ಬೇಗ ಸಿಗುತ್ತೆ. ಈ ಕ್ಯಾಮೆರಾಗಳ ಲೆನ್ಸ್ ಅಗಲ, ಪಕ್ಕ ಪಕ್ಕದ್ದೆಲ್ಲ ತೋರ್ಸುತ್ತೆ, ಹಂಗೆ ತೋರ್ಸೋದ್ರಿಂದ ವಸ್ತು ಇರೋದಕ್ಕಿಂತ ದೂರದಲ್ಲಿದೆ ಅನ್ಸುತ್ತೆ, ಇನ್ನೂ ಜಾಗ ಇದೆ ಅಂದ್ಕೊಳ್ಳೋಷ್ಟರಲ್ಲಿ ತಗುಲುತ್ತೆ. ಒಂದು ಭಾನುವಾರ ಬೆಳಿಗ್ಗೆ ಖಾಲಿ ರಟ್ಟಿನ ಡಬ್ಬ ಇಟ್ಟು ಹತ್ತಿಪ್ಪತ್ತು ಸಲ ಅಭ್ಯಾಸ ಮಾಡಿಸಿ.

ಸೆನ್ಸರ್ ಸಾಕಾ ಕ್ಯಾಮೆರಾ ಬೇಕಾ ಅಂತ ಇನ್ನೊಂದು ಪ್ರಶ್ನೆ ಇದರ ಬೆನ್ನಿಗೇ ಬರುತ್ತೆ. 2019ರ ಜುಲೈ 1ರಿಂದ ನಮ್ ದೇಶದಲ್ಲಿ ತಯಾರಾಗೋ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ ಮಾಡಿದ್ರು, ಅದಕ್ಕಿಂತ ಹಳೇ ಗಾಡಿಗಳಲ್ಲಿ ಬಹಳಷ್ಟಕ್ಕೆ ಅದೂ ಇಲ್ಲ. ನಿಮ್ ಮನೆ ಪರಿಸ್ಥಿತಿಗೆ ಎರಡೂ ಹಾಕ್ಸಿ ಅಂತೀನಿ. ಕ್ಯಾಮೆರಾ ಏನಿದೆ ಅಂತ ತೋರ್ಸುತ್ತೆ, ಸೆನ್ಸರ್ ಎಷ್ಟು ದೂರ ಅಂತ ಹೇಳುತ್ತೆ, ಕಣ್ಣು ಮಂದ ಆಗ್ತಿರೋರಿಗೆ ಆ ಬೀಪ್ ಶಬ್ದ ದೊಡ್ಡ ಆಸರೆ. ಅದರ ಕರೆಂಟೂ ಅದೇ ರಿವರ್ಸ್ ಲೈಟಿಂದಾನೇ ಬರೋದ್ರಿಂದ ಒಂದೇ ಸಲ ಬಿಚ್ಚಿದಾಗ ಎರಡೂ ಮುಗಿಸ್ಬಿಡಿ, ಎರಡೆರಡು ಸಲ ವೈರ್ ಕೆರೆಸ್ಬೇಡಿ.

ರಾತ್ರಿ ಹೊತ್ತಿಗೆ ಚಿತ್ರ ಕಪ್ಪಾಗಿ ಬಂದ್ರೆ ರಿವರ್ಸ್ ಬಲ್ಬ್ ಬದಲಾಯಿಸಿ ಲೈಟಿನ ಗಾಜು ಒರೆಸಿ ನೋಡಿ, ಬೆಳಕು ಸಾಲದು ಅಂತ ಜಾಸ್ತಿ ವ್ಯಾಟಿನ ಬಲ್ಬ್ ಹಾಕಿದ್ರೆ ಹಳೇ ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತೆ.

ಇನ್ನು ಕ್ಯಾಮೆರಾ ಏನು ನೋಡಲ್ಲ ಅನ್ನೋದು. ಮೇಲೆ ಚಾಚಿರೋ ಸಜ್ಜೆ ನೋಡಲ್ಲ, ಇಳಿಬಿದ್ದಿರೋ ಮರದ ಕೊಂಬೆ ನೋಡಲ್ಲ, ಮುಂದಿನ ಬಂಪರ್ ತಿರುಗುವಾಗ ಪಕ್ಕದ ಸ್ಕೂಟರಿಗೆ ತಗುಲೋದನ್ನ ನೋಡಲ್ಲ. ಪಕ್ಕದಿಂದ ಓಡಿ ಬರೋ ಮಗು ಚಿತ್ರದಲ್ಲಿ ಕಾಣೋ ಹೊತ್ತಿಗೆ ಗಾಡಿ ಹಿಂದೇನೇ ಇರುತ್ತೆ. ಅಮೆರಿಕದಲ್ಲಿ ಒಬ್ಬ ತಂದೆ ತಮ್ಮ ಮನೆ ಮುಂದೇನೇ ಗಾಡಿ ಹಿಂದಕ್ಕೆ ತಗೊಳ್ಳುವಾಗ ಎರಡು ವರ್ಷದ ಸ್ವಂತ ಮಗು ಚಕ್ರದಡಿ ಸಿಕ್ಕಿ ಹೋಯ್ತು, ಆ ಮಗುವಿನ ಹೆಸರಲ್ಲೇ 2008ರಲ್ಲಿ ಕಾನೂನು ಬಂದು, ಮುಂದೆ 2018ರ ಮೇ ತಿಂಗಳಿಂದ ಅಲ್ಲಿ ಮಾರೋ ಎಲ್ಲಾ ಹೊಸ ಕಾರಿಗೂ ಹಿಂದಿನ ಕ್ಯಾಮೆರಾ ಕಡ್ಡಾಯ ಆಯ್ತು. ಆ ತಂದೇನ ನೆನೆಸ್ಕೊಂಡ್ರೆ ನನಗೆ ಈಗ್ಲೂ ಹೊಟ್ಟೆ ತೊಳಸಿದಂಗಾಗುತ್ತೆ. ನಮ್ ಕಡೆ ಅಗ್ರಹಾರದ ಬೀದಿಗಳಲ್ಲಿ, ಮಂಡ್ಯದ ಹಳೇ ಬಡಾವಣೆಗಳಲ್ಲಿ ಮಕ್ಕಳು ಆಡೋದೇ ರೋಡಲ್ಲಿ, ನಾಯಿ ಮಲಗೋದು ಗಾಡಿ ನೆರಳಲ್ಲಿ. ಸ್ಕ್ರೀನ್ ಬಂದ್ಮೇಲೂ ಗಾಡಿ ಹತ್ತೋ ಮುಂಚೆ ಹಿಂದೆ ಒಂದು ಸುತ್ತು ಬಂದು ಹತ್ತೋದು, ಕೈಯಲ್ಲಿರೋ ಬಟ್ಟೇಲಿ ಲೆನ್ಸ್ ಒರೆಸೋದು, ಒಂದ್ಸಲ ಹಾರ್ನ್ ಮಾಡಿ ನಿಧಾನಕ್ಕೆ ಬಿಡೋದು, ಇದನ್ನ ಅಪ್ಪಾಜಿಗೆ ನೀವೇ ಹೇಳಿ, ಅಂಗಡಿಯವ್ರು ಹೇಳಲ್ಲ.

ನಿಮ್ ಮೆಕ್ಯಾನಿಕ್ಕು ಅಂಗಡಿಯವ್ರು ಇಬ್ರಲ್ಲಿ ಯಾರು ಅಂತ ಕೇಳಿದ್ರಿ. ನಾನಾಗಿದ್ರೆ ಕ್ಯಾಮೆರಾ ಸ್ಕ್ರೀನು ಅಂಗಡೀಲಿ ತಗೊಂಡು, ವೈರ್ ಕೆಲ್ಸಕ್ಕೆ ಮೆಕ್ಯಾನಿಕ್ಕಿಗೆ ಪರಿಚಯ ಇರೋ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋಗ್ತಿದ್ದೆ, ಹೆದರೋ ಮನುಷ್ಯ ತೋರ್ಸೋ ಆಳು ಜಾಯಿಂಟ್ ಗಟ್ಟಿ ಮಾಡ್ತಾನೆ ಅಂತ ನನಗೆ ನಂಬಿಕೆ. ಅರ್ಧ ದಿನ ಬಿಡುವು ಮಾಡ್ಕೊಂಡು ಹೋಗಿ, ಟೇಲ್ ಲೈಟ್ ವಾಪಸ್ ಕೂರ್ಸೋ ಮುಂಚೆ ಜಾಯಿಂಟಿನ ಫೋಟೋ ಒಂದು ತಕ್ಕೊಳ್ಳಿ, ಫ್ಯೂಸ್ ಎಲ್ಲಿ ಹಾಕಿದ್ರು ಅಂತ ತೋರಿಸ್ಕೊಳ್ಳಿ, ಡಿಕ್ಕಿ ಬಾಗಿಲು ಹತ್ತು ಸಲ ತೆಗೆದು ಹಾಕಿ ಆಮೇಲೆ ಚಿತ್ರ ನೋಡಿ, ಬಕೆಟಲ್ಲಿ ನೀರು ಹುಯ್ಸಿ ಇನ್ನೊಂದ್ಸಲ ನೋಡಿ. ಮತ್ತೆ ಅಪ್ಪಾಜಿನ ಜೊತೇಲೇ ಕರ್ಕೊಂಡು ಹೋಗಿ. ಸ್ಕ್ರೀನ್ ಅಂಟಿಸೋ ಮುಂಚೆ ಅವ್ರು ಅವ್ರ ಸೀಟಲ್ಲಿ ಕೂತು, ಗಾಡಿ ಓಡ್ಸೋ ಕನ್ನಡಕಾನೇ ಹಾಕ್ಕೊಂಡು, ಇಲ್ಲಿ ಕಾಣ್ತದೆ ಕಣಪ್ಪ ಅಂತ ಹೇಳಿದ ಜಾಗದಲ್ಲೇ ಅಂಟಿಸಿ.